ವಿಕಲ್ಪವೂ ಲಾಘವವೂ: ಗಣಕಯಂತ್ರದ ಗುಂಡಿಗಳ ಚರಿತ್ರೆ

ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ವಿಕಲ್ಪವೆಂಬ ಮಾತು ಹೊಸದಲ್ಲ. ಒಂದು ಕಾರ್ಯವು ಆಗಬಹುದು, ಆಗದೆಯೂ ಇರಬಹುದು. ಎರಡು ರೂಪಗಳೂ ಸಾಧುವೇ ಎಂದು ಸೂತ್ರಕಾರನು ಒಪ್ಪುವ ಎಡೆಗೆ ಆ ಹೆಸರು. ಅದೇ ಸೂತ್ರಕಾರನು ಲಾಘವಪ್ರಿಯನೆಂಬುದೂ ಪ್ರಸಿದ್ಧವಾದದ್ದೇ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೆಲ್ಲ ಅಡಕಮಾಡಿದ ಪಾಣಿನಿಯು, ಅರ್ಧ ಮಾತ್ರೆಯನ್ನು ಉಳಿಸಬಹುದಾದ ಕಡೆಯಲ್ಲಿಯೂ ಉಳಿಸಿದವನು, ವಿಕಲ್ಪಗಳನ್ನು ಮಾತ್ರ ಕಿತ್ತುಹಾಕಲಿಲ್ಲ. ಜನರು ಎರಡು ಬಗೆಯಾಗಿ ನುಡಿಯುತ್ತಿರುವಾಗ ಶಾಸ್ತ್ರವು ಒಂದನ್ನೇ ಹೇಳಿದರೆ ಗ್ರಂಥವೇನೋ ಚಿಕ್ಕದಾದೀತು. ಆದರೆ ಒಂದು ಸೀಮೆಯ ಜನರ ನುಡಿ ತಪ್ಪೆನಿಸೀತು. ಲಾಘವಕ್ಕೂ ವಿಕಲ್ಪಕ್ಕೂ ಇರುವ ಈ ಹಳೆಯ ತೊಡಕು, 1960ರ ದಶಕದಿಂದ ಈಚೆಗೆ, ವ್ಯಾಕರಣವನ್ನು ಓದದ ಜನರ ನಡುವೆ ಹೊಸ ವೇಷದಲ್ಲಿ ಕಾಣಿಸಿಕೊಂಡಿತು. ಗಣಕಯಂತ್ರಕ್ಕೂ ಮನುಷ್ಯನಿಗೂ ನಡುವೆ ಎಷ್ಟು ಗುಂಡಿಗಳು, ಎಷ್ಟು ಪಟ್ಟಿಗಳು, ಎಷ್ಟು ಆಯ್ಕೆಗಳು ಇರತಕ್ಕದ್ದೆಂಬ ವಿವಾದವೇ ಅದು.

ಈ ಚರಿತ್ರೆಯ ಆರಂಭವು ಒಂದು ಮರದ ತುಂಡಿನಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಎಂಬ ವಿದ್ವಾಂಸನು, ಪರದೆಯ ಮೇಲಿನ ಯಾವ ಎಡೆಯನ್ನಾದರೂ ಕೈಯಿಂದ ತೋರಿಸುವ ಸಾಧನವೊಂದನ್ನು ಕಲ್ಪಿಸಿದನು. 1964ರಲ್ಲಿ ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಅದನ್ನು ಮಾಡಿಕೊಟ್ಟನು. ಕೆಳಗೆ ಎರಡು ಗಾಲಿ, ಮೇಲೆ ಒಂದು ಗುಂಡಿ, ಬಾಲದಂತೆ ಒಂದು ತಂತಿ. ಅದಕ್ಕೆ ಮೌಸ್, ಎಂದರೆ ಇಲಿ, ಎಂಬ ಹೆಸರು ಬಿದ್ದಿತು. ಸ್ವಲ್ಪ ಕಾಲದಲ್ಲಿಯೇ ಗುಂಡಿಗಳು ಮೂರಾದವು. ನಾಲ್ಕನೆಯದಕ್ಕೆ ಸ್ಥಳವಿರಲಿಲ್ಲವಾದುದರಿಂದ ಮೂರಕ್ಕೇ ನಿಂತಿತೆಂದು ಎಂಗೆಲ್ಬಾರ್ಟನು ಮುಂದೆ ಹೇಳುತ್ತಿದ್ದನು.

1968ರ ಡಿಸೆಂಬರ್ 9ರಂದು ಸಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಅವನು ತೊಂಬತ್ತು ನಿಮಿಷಗಳ ಕಾಲ ತನ್ನ ಯಂತ್ರವನ್ನು ನಡೆಯಿಸಿ ತೋರಿಸಿದನು. ಬಲಗೈಯಲ್ಲಿ ಮೂರು ಗುಂಡಿಯ ಮೌಸ್. ಎಡಗೈಯಲ್ಲಿ ಐದು ಕೀಲಿಗಳ ಚಿಕ್ಕ ಮಣೆ. ಆ ಐದನ್ನು ಬಿಡಿಯಾಗಿಯೂ ಕೂಡಿಸಿಯೂ ಒತ್ತಿದರೆ ಮೂವತ್ತೊಂದು ಸಂಜ್ಞೆಗಳು ಹೊರಡುವುವು. ಬಲಗೈಯ ಗುಂಡಿಯನ್ನೂ ಜೊತೆಗೆ ಒತ್ತಿದರೆ ಅವುಗಳ ಅರ್ಥವು ಬೇರೆಯಾಗುವುದು. ಇದನ್ನು ಕಲಿಯುವುದಕ್ಕೆ ಶ್ರಮ ಬೇಕೆಂಬುದನ್ನು ಅವನು ಮರೆಮಾಚಲಿಲ್ಲ. ಮೂರು ಗಾಲಿಯ ಬಂಡಿಯನ್ನು ಯಾವ ಮಗುವೂ ಕಲಿಯದೆ ಏರುತ್ತದೆ. ದೂರ ಹೋಗಬೇಕಾದವನು ಬಿದ್ದೆದ್ದು ಎರಡು ಗಾಲಿಯ ಸೈಕಲ್ಲನ್ನೇ ಕಲಿಯುತ್ತಾನೆ ಎಂಬುದು ಅವನ ದೃಷ್ಟಾಂತ. ಮಾತು ಸುಳ್ಳಲ್ಲ. ಬೆರಳು ನೋಯುವುದೆಂದು ವೀಣೆಯ ತಂತಿಗಳನ್ನು ಯಾರೂ ಕಡಿಮೆ ಮಾಡಿಲ್ಲ. ಆದರೆ ವೀಣೆಯನ್ನು ಬಯಸಿದವರು ಮಾತ್ರ ಕಲಿಯುತ್ತಾರೆ. ಗಣಕಯಂತ್ರವಾದರೋ ಮುಂದೆ ಬಯಸದವರ ಮೇಜಿನ ಮೇಲೆಯೂ ಬಂದು ಕುಳಿತುಕೊಳ್ಳುವುದಾಗಿದ್ದಿತು.

1970ರಲ್ಲಿ ಜೆರಾಕ್ಸ್ ಕಂಪೆನಿಯವರು ಪಾಲೋ ಆಲ್ಟೋ ನಗರದಲ್ಲಿ ಒಂದು ಸಂಶೋಧನಾಲಯವನ್ನು ತೆರೆದರು. ಅಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೋ ಎಂಬ ಯಂತ್ರಕ್ಕೂ ಮೂರು ಗುಂಡಿಗಳ ಮೌಸ್ ಇದ್ದಿತು. ಒಂದು ತಂತ್ರಾಂಶದಲ್ಲಿ ಒಂದು ಗುಂಡಿಗೆ ಒಂದು ಅರ್ಥ, ಇನ್ನೊಂದರಲ್ಲಿ ಮತ್ತೊಂದು. ಬರೆವಣಿಗೆಗಾಗಿ ಅಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮೊದಲಾದವರು ಬ್ರಾವೋ ಎಂಬ ತಂತ್ರಾಂಶವನ್ನು ರಚಿಸಿದರು. ಅದರಲ್ಲಿ ಕೀಲಿಗಳಿಗೆ ಎರಡು ಅವಸ್ಥೆಗಳುಂಟು: ಒಂದು ಅವಸ್ಥೆಯಲ್ಲಿ ಒತ್ತಿದ ಅಕ್ಷರವು ಅಕ್ಷರವೇ, ಇನ್ನೊಂದರಲ್ಲಿ ಅದೇ ಅಕ್ಷರವು ಆಜ್ಞೆ. ಈ ಬಗ್ಗೆ ಆ ಸಂಶೋಧನಾಲಯದವರು ಹೇಳುತ್ತಿದ್ದ ಕಥೆಯೊಂದು ಪ್ರಸಿದ್ಧವಾಗಿದೆ. ಆಜ್ಞೆಯ ಅವಸ್ಥೆಯಲ್ಲಿರುವುದನ್ನು ಮರೆತು ಯಾವನಾದರೂ ಎಡಿಟ್ ಎಂಬ ಇಂಗ್ಲಿಷ್ ಶಬ್ದವನ್ನು ಬರೆಯಹೊರಟರೆ, ‘ಇ’ ಎಂಬುದನ್ನು ಯಂತ್ರವು ಲೇಖನವನ್ನೆಲ್ಲ ಆರಿಸೆಂದು ತಿಳಿಯುವುದು. ‘ಡಿ’ ಎಂದರೆ ಆರಿಸಿದ್ದನ್ನು ಅಳಿಸು. ‘ಐ’ ಎಂದರೆ ಇನ್ನು ಮುಂದಿನದನ್ನು ಸೇರಿಸು. ಆಮೇಲೆ ಬಂದ ‘ಟಿ’ ಸೇರಿಕೊಳ್ಳುವುದು. ಬೆಳಗಿನಿಂದ ಬರೆದ ಲೇಖನವೆಲ್ಲ ಹೋಗಿ ಒಂದು ‘ಟಿ’ ಉಳಿಯುವುದು! ಯಂತ್ರವು ಒಂದೂ ತಪ್ಪನ್ನು ಮಾಡಲಿಲ್ಲವೆಂಬುದೇ ಇದರಲ್ಲಿನ ದುಃಖ.

ಈ ಬಗೆಯ ಅವಸ್ಥಾಭೇದಕ್ಕೆ ಜೀವಮಾನವೆಲ್ಲ ಶತ್ರುವಾಗಿ ನಿಂತವನು ಅದೇ ಸಂಶೋಧನಾಲಯದ ಲ್ಯಾರಿ ಟೆಸ್ಲರ್. 1945ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಈತನು ತನ್ನ ಮೋಟಾರಿನ ಫಲಕದ ಮೇಲೆಯೂ ಅವಸ್ಥೆಗಳು ಬೇಡವೆಂಬ ಅರ್ಥದ ಎರಡು ಇಂಗ್ಲಿಷ್ ಶಬ್ದಗಳನ್ನೇ ಬರೆಯಿಸಿಕೊಂಡಿದ್ದನು. ಟಿಮ್ ಮಾಟ್ ಎಂಬವನೊಡನೆ ಕೂಡಿ ಅವನು 1970ರ ದಶಕದ ನಡುವಿನಲ್ಲಿ ಪುಸ್ತಕ ಪ್ರಕಾಶಕರಿಗಾಗಿ ಜಿಪ್ಸಿ ಎಂಬ ತಂತ್ರಾಂಶವನ್ನು ರಚಿಸಿದನು. ಇಂದು ಎಲ್ಲರೂ ಬಳಸುವ ‘ಕತ್ತರಿಸು, ನಕಲಿಸು, ಅಂಟಿಸು’ ಎಂಬ ಕ್ರಮವು ಅಲ್ಲಿಂದ ಬಂದದ್ದು. ಪ್ರಕಾಶಕರ ಕಚೇರಿಯಲ್ಲಿ ಸಂಪಾದಕರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಮೊದಲು ನೋಡಿ, ಆಮೇಲೆ ತಂತ್ರಾಂಶವನ್ನು ಕಟ್ಟಿದರೆಂಬುದು ಗಮನಿಸತಕ್ಕದ್ದು.

1980ರಲ್ಲಿ ಟೆಸ್ಲರನು ಆಪಲ್ ಕಂಪೆನಿಯನ್ನು ಸೇರಿದನು. ಅಲ್ಲಿ ಲೀಸಾ ಎಂಬ ಯಂತ್ರಕ್ಕೆ ಎಷ್ಟು ಗುಂಡಿಯ ಮೌಸ್ ಇರಬೇಕೆಂಬ ಚರ್ಚೆ ನಡೆಯುತ್ತಿದ್ದಿತು. ಗಣಕವನ್ನು ಕಂಡರಿಯದವರನ್ನು ಕುಳ್ಳಿರಿಸಿ ಪರೀಕ್ಷೆಗಳನ್ನು ನಡೆಯಿಸಿದರು. ಗುಂಡಿಗಳು ಹೆಚ್ಚಾದಷ್ಟೂ ಹೊಸಬನ ಕಣ್ಣು ಪರದೆಯನ್ನು ಬಿಟ್ಟು ಕೈಯ ಕಡೆಗೆ ತಿರುಗುವುದು. ಯಾವುದನ್ನು ಒತ್ತಲೆಂದು ಒಂದು ಕ್ಷಣ ಮನಸ್ಸು ತಡೆಯುವುದು. ಗುಂಡಿ ಒಂದೇ ಆದರೆ ತಪ್ಪು ಗುಂಡಿಯೆಂಬುದೇ ಇರಲಾರದು. ಒಂದೇ ಗುಂಡಿಯೆಂದು ತೀರ್ಮಾನವಾಯಿತು. 1983ರ ಜನವರಿಯಲ್ಲಿ ಲೀಸಾ ಯಂತ್ರವು 9,995 ಡಾಲರುಗಳ ಬೆಲೆಗೆ ಹೊರಬಂದಿತು. 1984ರ ಜನವರಿ 24ರಂದು ಅದರ ತಮ್ಮನಂತಿದ್ದ ಮ್ಯಾಕಿಂಟಾಷ್ 2,495 ಡಾಲರುಗಳಿಗೆ ಬಂದಿತು. ಅದಕ್ಕೂ ಒಂದೇ ಗುಂಡಿ.

ಮ್ಯಾಕಿಂಟಾಷಿನ ನಿರ್ಮಾಪಕರು ಅಷ್ಟಕ್ಕೇ ನಿಲ್ಲಲಿಲ್ಲ. ಕೀಲಿಮಣೆಯಲ್ಲಿ ಸಾಮಾನ್ಯವಾಗಿರುವ ನಾಲ್ಕು ಬಾಣದ ಕೀಲಿಗಳನ್ನೂ ತೆಗೆದುಹಾಕಿದರು. ಆ ಕೀಲಿಗಳಿದ್ದರೆ ತಂತ್ರಾಂಶ ಬರೆಯುವವರು ಮೌಸನ್ನು ನೆಚ್ಚದೆ ಹಳೆಯ ಜಾಡಿನಲ್ಲಿಯೇ ನಡೆದಾರು ಎಂಬುದು ಅವರ ಶಂಕೆ. ಇಲ್ಲಿ ಲಾಘವವು ಸೌಕರ್ಯವೆಂಬ ಹೆಸರನ್ನು ಬಿಟ್ಟು ದಂಡನೆಯ ರೂಪವನ್ನು ತಾಳಿತೆಂದು ಹೇಳದೆ ನಿರ್ವಾಹವಿಲ್ಲ. ಒಂದು ಅಕ್ಷರದಷ್ಟು ಹಿಂದಕ್ಕೆ ಹೋಗಬೇಕಾದವನೂ ಕೀಲಿಮಣೆಯಿಂದ ಕೈಯೆತ್ತಿ ಮೌಸನ್ನು ಹಿಡಿಯಬೇಕಾಯಿತು. 1986ರಲ್ಲಿ ಬಂದ ಮ್ಯಾಕಿಂಟಾಷ್ ಪ್ಲಸ್ ಯಂತ್ರದ ಕೀಲಿಮಣೆಯಲ್ಲಿ ಬಾಣದ ಕೀಲಿಗಳು ಮತ್ತೆ ಕಾಣಿಸಿಕೊಂಡವು.

ಒಂದೇ ಗುಂಡಿಯ ಕಥೆಯಾದರೋ ಇಷ್ಟು ಬೇಗ ಮುಗಿಯಲಿಲ್ಲ. ಎರಡು ಮೂರು ಗುಂಡಿಗಳು ಮಾಡುತ್ತಿದ್ದ ಕೆಲಸಗಳು ಗುಂಡಿಗಳೊಡನೆಯೇ ಹೊರಟುಹೋಗಲಿಲ್ಲವಷ್ಟೆ. ಅವು ಬೇರೆ ಬಾಗಿಲಿನಿಂದ ಒಳಗೆ ಬಂದವು. ಒಮ್ಮೆ ಒತ್ತಿದರೆ ಆರಿಸುವುದು, ಬೇಗನೆ ಎರಡು ಬಾರಿ ಒತ್ತಿದರೆ ತೆರೆಯುವುದು ಎಂಬ ಭೇದವು ಬಂದಿತು. ಎಷ್ಟು ಬೇಗನೆಂಬ ಪ್ರಶ್ನೆ ಅದರ ಹಿಂದೆಯೇ ಬಂದಿತು. ನಿಧಾನದ ಕೈಗಳಿಗಾಗಿ ಆ ಅಂತರವನ್ನು ಹೆಚ್ಚು ಕಡಿಮೆ ಮಾಡುವ ಆಯ್ಕೆಯನ್ನು ಬೇರೆಡೆಯಲ್ಲಿ ಇಡಬೇಕಾಯಿತು. ಒಂದು ಗುಂಡಿಯನ್ನು ಉಳಿಸುವುದಕ್ಕಾಗಿ ಒಂದು ವಿಕಲ್ಪವನ್ನು ಸೃಷ್ಟಿಸಿದಂತಾಯಿತು! ಅತ್ತ ಮೈಕ್ರೋಸಾಫ್ಟ್ ಕಂಪೆನಿಯವರು 1983ರಲ್ಲಿಯೇ ಎರಡು ಗುಂಡಿಯ ಮೌಸನ್ನು ಮಾರಿದ್ದರು. 1995ರ ವಿಂಡೋಸ್ 95ರಲ್ಲಿ ಬಲಗುಂಡಿಯನ್ನು ಒತ್ತಿದರೆ ಆಯಾ ವಸ್ತುವಿಗೆ ತಕ್ಕ ಆಜ್ಞೆಗಳ ಪಟ್ಟಿ ತೆರೆಯುವ ಪದ್ಧತಿಯು ಎಲ್ಲೆಡೆಯೂ ನೆಲೆಗೊಂಡಿತು. 1997ರಲ್ಲಿ ಆಪಲಿನವರೂ ಮ್ಯಾಕ್ ಓಎಸ್ 8ರಲ್ಲಿ ಅಂತಹ ಪಟ್ಟಿಯನ್ನು ತಂದರು. ಆದರೆ ಗುಂಡಿ ಒಂದೇ ಆದುದರಿಂದ, ಎಡಗೈಯಿಂದ ಕಂಟ್ರೋಲ್ ಎಂಬ ಕೀಲಿಯನ್ನು ಅದುಮಿ ಹಿಡಿದು ಬಲಗೈಯಿಂದ ಗುಂಡಿಯನ್ನು ಒತ್ತತಕ್ಕದ್ದೆಂದು ವಿಧಿಸಿದರು.

ಎರಡು ಕೈಯುಳ್ಳವನಿಗೆ ಇದೊಂದು ಸಣ್ಣ ತೊಂದರೆ. ಒಂದೇ ಕೈಯುಳ್ಳವನಿಗೆ, ಪಾರ್ಶ್ವವಾಯುವಿನಿಂದ ಒಂದು ಕಡೆ ಸೋತವನಿಗೆ, ಬಾಯಲ್ಲಿ ಕಡ್ಡಿ ಹಿಡಿದು ಕೀಲಿಗಳನ್ನು ಒತ್ತುವವನಿಗೆ ಅದೇ ಗೋಡೆ. ಎರಡನ್ನು ಏಕಕಾಲದಲ್ಲಿ ಒತ್ತೆಂದರೆ ಅವನು ಏನು ಮಾಡಬೇಕು? ಇಂತಹವರಿಗಾಗಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದವರು ಒಂದು ಉಪಾಯವನ್ನು ರೂಪಿಸಿದರು. ಶಿಫ್ಟ್, ಕಂಟ್ರೋಲ್ ಮೊದಲಾದ ಕೀಲಿಯನ್ನು ಒಮ್ಮೆ ಒತ್ತಿ ಬಿಟ್ಟರೂ ಯಂತ್ರವು ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕೀಲಿಯೊಡನೆ ಕೂಡಿಸಿಕೊಳ್ಳುವುದು. ಸ್ಟಿಕ್ಕಿ ಕೀಸ್ ಎಂಬ ಹೆಸರಿನ ಈ ಸೌಕರ್ಯವು ವಿಂಡೋಸ್ 95ರೊಳಗೆ ಸೇರಿಕೊಂಡಿತು. ಆಪಲ್ ಯಂತ್ರಗಳಲ್ಲಿಯೂ ಉಂಟು. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ವಿಂಡೋಸಿನಲ್ಲಿ ಇದು ಎಚ್ಚರಗೊಳ್ಳುತ್ತದೆ. ಆಟವಾಡುವ ಹುಡುಗರು ತಿಳಿಯದೆ ಐದು ಬಾರಿ ಒತ್ತಿ, ನಡುವೆ ಬಂದು ನಿಲ್ಲುವ ಪ್ರಶ್ನೆಯನ್ನು ಕಂಡು ಸಿಡುಕುವುದುಂಟು. ನೂರು ಜನರು ಬಳಸದ ಒಂದು ಗುಂಡಿಯನ್ನು ಕಿತ್ತುಹಾಕುವುದು ಸರಿಯೇ ಎಂದು ಕೇಳುವವರು, ಆ ನೂರರಾಚೆಗೆ ಅದನ್ನು ಬಿಟ್ಟರೆ ಬೇರೆ ದಾರಿಯಿಲ್ಲದ ಒಬ್ಬನು ಇದ್ದಾನೆಯೇ ಎಂಬುದನ್ನೂ ಕೇಳಬೇಕಾಗಿದೆ. ಎಣಿಕೆಯಲ್ಲಿ ಆ ಒಬ್ಬನು ಕಾಣುವುದು ಕಷ್ಟ. ಬಾಗಿಲು ಮುಚ್ಚಿದ್ದರೆ ಅವನು ಎಣಿಕೆಗೆ ಬಂದೇ ಇರುವುದಿಲ್ಲ.

ಟೆಸ್ಲರನು 1980ರ ದಶಕದ ಮಧ್ಯದಲ್ಲಿ ಈ ಅನುಭವಗಳಿಂದ ಒಂದು ನಿಯಮವನ್ನು ತೆಗೆದನು. ಯಾವ ಕಾರ್ಯದಲ್ಲಿಯೂ ಇಳಿಸಲಾಗದಷ್ಟು ಒಂದು ತೊಡಕು ಇದ್ದೇ ಇರುತ್ತದೆ. ಅದನ್ನು ನಾಶಮಾಡಲಾಗದು, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗಾಯಿಸಬಹುದಷ್ಟೆ ಎಂಬುದು ಅದರ ತಾತ್ಪರ್ಯ. ಯಂತ್ರಶಿಲ್ಪಿಯೊಬ್ಬನು ಒಂದು ವಾರ ದುಡಿದರೆ ಇಳಿಯಬಹುದಾದ ತೊಂದರೆಗಾಗಿ ಹತ್ತು ಲಕ್ಷ ಜನರು ದಿನಕ್ಕೊಂದು ನಿಮಿಷವನ್ನು ಕಳೆಯುವುದು ಅನ್ಯಾಯವೆಂದು ಅವನು ವಾದಿಸಿದನು. ಹತ್ತು ಲಕ್ಷ ನಿಮಿಷಗಳೆಂದರೆ 16,666 ಗಂಟೆಗಳು, ಎಂದರೆ 694 ಹಗಲುರಾತ್ರಿಗಳು. ಒಂದು ದಿನದಲ್ಲಿ ಸುಮಾರು ಎರಡು ವರ್ಷಗಳ ಮನುಷ್ಯಾಯುಷ್ಯವು ಸೋರಿಹೋಗುತ್ತದೆ. ಇದು ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ.

ಆದರೆ ಹೊರೆಯನ್ನು ಯಂತ್ರವೇ ಹೊರುವುದು ಎಲ್ಲ ಕಡೆಯಲ್ಲಿಯೂ ಹಿತವಾಗಲಿಲ್ಲ. ಬ್ರಾವೋವಿನ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟನ್ನು ಸೇರಿ ವರ್ಡ್ ಎಂಬ ಬರೆವಣಿಗೆಯ ತಂತ್ರಾಂಶಕ್ಕೆ ಮೂಲಪುರುಷನಾದನು. ವರ್ಷ ವರ್ಷಕ್ಕೂ ಅದರಲ್ಲಿ ಆಜ್ಞೆಗಳು ಬೆಳೆದು ಪಟ್ಟಿಗಳು ಉದ್ದವಾದವು. ಆಫೀಸ್ 2000ದಲ್ಲಿ ಕಂಪೆನಿಯವರು, ಬಳಸದ ಆಜ್ಞೆಗಳನ್ನು ಪಟ್ಟಿಯು ತಾನಾಗಿಯೇ ಮರೆಮಾಡುವಂತೆ ಏರ್ಪಡಿಸಿದರು. ಯಜಮಾನನು ಮುಟ್ಟದ ಪಾತ್ರೆಗಳನ್ನೆಲ್ಲ ಆಳು ರಾತ್ರಿಯಲ್ಲಿ ಅಟ್ಟಕ್ಕೆ ಏರಿಸಿದಂತಾಯಿತು. ನಿನ್ನೆ ಇದ್ದ ಎಡೆಯಲ್ಲಿ ಇಂದು ಆಜ್ಞೆಯಿಲ್ಲ. 2007ರ ಆವೃತ್ತಿಯಲ್ಲಿ ಆ ಪಟ್ಟಿಗಳನ್ನೇ ತೆಗೆದು ರಿಬ್ಬನ್ ಎಂಬ ಅಗಲವಾದ ಪಟ್ಟಿಕೆಯನ್ನು ತಂದರು.

ವಿವಾದವು ಬಹಿರಂಗವಾಗಿ, ಕಟುವಾಗಿ ನಡೆದದ್ದು ಗ್ನೋಮ್ ಎಂಬ ತಂತ್ರಾಂಶದ ವಿಷಯದಲ್ಲಿ. ಲಿನಕ್ಸ್ ಯಂತ್ರಗಳಿಗೆ ಒಂದು ಸ್ವತಂತ್ರವಾದ ಮುಖವನ್ನು ಕೊಡಬೇಕೆಂದು ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೋ ಮೇನಾ ಎಂಬ ತರುಣರು 1997ರ ಆಗಸ್ಟಿನಲ್ಲಿ ಇದನ್ನು ಆರಂಭಿಸಿದರು. ಯಾರು ಬೇಕಾದರೂ ಬಂದು ಬರೆಯಬಹುದಾದ ತಂತ್ರಾಂಶವಿದು. ಇಂತಹ ಊರೊಟ್ಟಿನ ಕೆಲಸದಲ್ಲಿ ಇಬ್ಬರಿಗೆ ಒಮ್ಮತವಾಗದಿದ್ದರೆ ಜಗಳವನ್ನು ಮುಗಿಸುವ ಸುಲಭವಾದ ಮಾರ್ಗವೇನೆಂದರೆ, ಎರಡನ್ನೂ ಸೇರಿಸಿ ಒಂದು ವಿಕಲ್ಪವನ್ನು ಇಡುವುದು. ಸಭೆಯಲ್ಲಿ ತೀರ್ಮಾನವಾಗದ ವಿಷಯವನ್ನು ಬಳಸುವವನ ಮನೆಗೆ ಕಳುಹಿಸಿದಂತೆ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯವರು ಸಾಮಾನ್ಯ ಜನರನ್ನು ಕೂರಿಸಿ ಗ್ನೋಮನ್ನು ಪರೀಕ್ಷಿಸಿದಾಗ ಅವರು ಪಟ್ಟ ಪಾಡು ಅಚ್ಚಿನಲ್ಲಿ ಬಂದಿತು.

ಮರುವರ್ಷ, 2002ರಲ್ಲಿ, ಗ್ನೋಮಿನ ಪ್ರಮುಖರಲ್ಲೊಬ್ಬನಾದ ಹ್ಯಾವಕ್ ಪೆನ್ನಿಂಗ್ಟನ್ ಒಂದು ಪ್ರಬಂಧವನ್ನು ಬರೆದನು. ಪ್ರತಿಯೊಂದು ವಿಕಲ್ಪಕ್ಕೂ ಒಂದು ಬೆಲೆಯುಂಟು, ಅದು ಬಿಟ್ಟಿಯಾಗಿ ಬರುವುದಿಲ್ಲ ಎಂಬುದು ಅವನ ಮುಖ್ಯ ವಾದ. ಈ ಬೆಲೆಯನ್ನು ಗಣಿತದಿಂದ ಸ್ಪಷ್ಟಪಡಿಸಬಹುದು. ಹೌದು, ಅಲ್ಲ ಎಂಬ ಎರಡು ಪಕ್ಷಗಳುಳ್ಳ ಹತ್ತು ವಿಕಲ್ಪಗಳಿದ್ದರೆ 1,024 ಬಗೆಯ ಯಂತ್ರಗಳಾಗುತ್ತವೆ, ಇಪ್ಪತ್ತಾದರೆ 10,48,576. ಇಷ್ಟನ್ನೂ ಪರೀಕ್ಷಿಸಿ ನೋಡುವವರಾರು? ಇದಲ್ಲದೆ, ಕೆಟ್ಟಿರುವುದನ್ನು ಸರಿಪಡಿಸುವುದಕ್ಕೆ ಬದಲಾಗಿ ‘ಕೆಡದಂತೆ ನಡೆಯಲಿ’ ಎಂಬ ಇನ್ನೊಂದು ವಿಕಲ್ಪವನ್ನು ಸೇರಿಸುವ ದುರಭ್ಯಾಸವನ್ನೂ ಅವನು ಎತ್ತಿ ತೋರಿಸಿದನು. ತಾನು ರಚಿಸಿದ ಮೆಟಾಸಿಟಿ ಎಂಬ ತಂತ್ರಾಂಶವನ್ನು ಅವನೇ ಸಪ್ಪೆಯಾದ ಬೆಳಗಿನ ಉಪಾಹಾರಕ್ಕೂ, ಇತರರವನ್ನು ಬಣ್ಣಬಣ್ಣದ ಸಕ್ಕರೆಯ ತಿಂಡಿಗೂ ಹೋಲಿಸಿ ನಕ್ಕಿದ್ದಾನೆ. 2002ರ ಜೂನಿನಲ್ಲಿ ಬಂದ ಗ್ನೋಮಿನ ಎರಡನೆಯ ಆವೃತ್ತಿಯಲ್ಲಿ ಎಷ್ಟೋ ವಿಕಲ್ಪಗಳು ಮಾಯವಾದವು.

ಹಳೆಯ ಬಳಕೆದಾರರು ಸುಮ್ಮನಿರಲಿಲ್ಲ. ಲಿನಕ್ಸಿನ ಕರ್ತೃವಾದ ಲಿನಸ್ ಟೊರ್ವಾಲ್ಡ್ಸ್ 2005ರ ಡಿಸೆಂಬರಿನಲ್ಲಿ, ಮುದ್ರಣದ ಆಯ್ಕೆಗಳ ಚರ್ಚೆಯ ನಡುವೆ, ಗ್ನೋಮನ್ನು ಬಿಟ್ಟು ಅದರ ಪ್ರತಿಸ್ಪರ್ಧಿಯಾದ ಕೆಡಿಇಯನ್ನು ಬಳಸಿರೆಂದು ಬಹಿರಂಗವಾಗಿ ಬರೆದನು. ಬಳಸುವವರನ್ನು ಮೂರ್ಖರೆಂದು ಭಾವಿಸಿ ಕಟ್ಟಿದರೆ ಕಡೆಗೆ ಮೂರ್ಖರೇ ಬಳಸುವರು ಎಂಬ ಅರ್ಥದ ಕಠಿಣವಾದ ಮಾತು ಅದು. ಭಾಷೆಯು ಒರಟಾದರೂ ಆಕ್ಷೇಪವು ಕೇವಲ ಒರಟಲ್ಲ. ಇತರರ ಪರವಾಗಿ ಸರಳಗೊಳಿಸುವವನು ಇತರರನ್ನು ಬಲ್ಲೆನೆಂದು ಊಹಿಸಿಕೊಳ್ಳುತ್ತಾನೆ. 2011ರ ಏಪ್ರಿಲಿನಲ್ಲಿ ಗ್ನೋಮಿನ ಮೂರನೆಯ ಆವೃತ್ತಿಯು ಕಿಟಕಿಯನ್ನು ಕೆಳಕ್ಕಿಳಿಸುವ ಗುಂಡಿಯನ್ನು ತೆಗೆದಾಗ, ಹಲವರು ಎರಡನೆಯ ಆವೃತ್ತಿಯನ್ನೇ ಹಿಡಿದುಕೊಂಡು ಮಾಟೆ ಎಂಬ ಬೇರೆಯ ಮನೆಯನ್ನೇ ಹೂಡಿದರು. ತೆಗೆದ ಗುಂಡಿಯನ್ನು ಮರಳಿ ಪಡೆಯುವುದಕ್ಕೆ ಟ್ವೀಕ್ ಎಂಬ ಪ್ರತ್ಯೇಕ ಉಪಕರಣವೂ ಹುಟ್ಟಿತು. ಮುಂಬಾಗಿಲಿನಿಂದ ಹೊರಟುಹೋದ ವಿಕಲ್ಪವು ಹಿತ್ತಿಲಿನಿಂದ ಬಂದಿತು.

ಈ ಎರಡು ಪಕ್ಷಗಳ ನಡುವೆ ಒಂದು ಮಧ್ಯಮಾರ್ಗವಿದೆ. ಅದು ಪಾಣಿನೀಯರಿಗೆ ಹತ್ತಿರವಾದದ್ದು. ಅಷ್ಟಾಧ್ಯಾಯಿಯಲ್ಲಿ ವಿಕಲ್ಪವನ್ನು ಹೇಳುವುದಕ್ಕೆ ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂಬ ಮೂರು ಶಬ್ದಗಳುಂಟು. ಸಂಪ್ರದಾಯದವರು ಮೂರನ್ನೂ ಪರ್ಯಾಯಗಳೆಂದೇ ಹಿಡಿದರು. 1979ರಲ್ಲಿ ಪಾಲ್ ಕಿಪಾರ್ಸ್ಕಿ ಎಂಬ ಭಾಷಾಶಾಸ್ತ್ರಜ್ಞನು, ಮೊದಲನೆಯದು ‘ಆದರೆ ಲೇಸು’, ಎರಡನೆಯದು ‘ಆಗದಿದ್ದರೆ ಲೇಸು’, ಮೂರನೆಯದು ‘ಹೇಗಾದರೂ ಸರಿ’ ಎಂದು ಅರ್ಥಭೇದವನ್ನು ಸಾಧಿಸಹೊರಟನು. ಪಂಡಿತರು ಇದನ್ನು ಒಪ್ಪಲಿ ಬಿಡಲಿ, ತಂತ್ರಾಂಶಕಾರರಿಗೆ ಇದು ಕರತಲಾಮಲಕವಾದ ವಿಚಾರ. ಯಾರೂ ಕೈಹಾಕದಿದ್ದಾಗ ಯಂತ್ರವು ತಾನಾಗಿ ಹಿಡಿಯುವ ಪಕ್ಷವೊಂದಿರುತ್ತದೆ; ವಿಕಲ್ಪವನ್ನು ಇಟ್ಟವನ ಅಭಿಪ್ರಾಯವು ಅದರಲ್ಲಿ ಅಡಗಿರುತ್ತದೆ. 2005ರ ಆಗಸ್ಟಿನಲ್ಲಿ ಆಪಲಿನವರು ಕಡೆಗೂ ಎಡಬಲಗಳನ್ನು ಗುರುತಿಸಬಲ್ಲ ಮೈಟಿ ಮೌಸ್ ಎಂಬುದನ್ನು ಮಾರಿದರು. ಹೊರಗೆ ನೋಡಿದರೆ ನುಣ್ಣಗೆ, ಗುಂಡಿಯೇ ಇಲ್ಲದಂತೆ. ಬಳಸುವವನು ಹೋಗಿ ಬದಲಾಯಿಸುವವರೆಗೂ ಎರಡು ಕಡೆಗಳೂ ಒಂದೇ ಗುಂಡಿಯಂತೆ ನಡೆಯುವುವು. ಕಿಪಾರ್ಸ್ಕಿಯ ಲೆಕ್ಕದಲ್ಲಿ ಇದು ವಿಭಾಷೆ.

ಕನ್ನಡಿಗರಿಗೂ ಈ ವಿವಾದದ ಅನುಭವವು ಬೆರಳ ತುದಿಯಲ್ಲಿಯೇ ಇದೆ. 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯವರು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಅಸ್ಸಾಮಿಯಿಂದ ಮಲಯಾಳದವರೆಗೆ ನಮ್ಮ ಲಿಪಿಗಳಿಗೆಲ್ಲ ಒಂದೇ ಕ್ರಮ. ಕನ್ನಡವನ್ನು ಕಲಿತ ಕೈಗೆ ತೆಲುಗು ತಾನಾಗಿ ಬರುವುದು. ಇದು ದೊಡ್ಡ ಲಾಘವ. ಆದರೆ ‘ಇ’ ಎಂಬ ಸ್ವರಕ್ಕೂ ‘ಕಿ’ ಎಂಬಲ್ಲಿನ ಗುಡಿಸಿಗೂ ಅದರಲ್ಲಿ ಒತ್ತುವ ಬಗೆ ಬೇರೆ. ಸ್ವರಕ್ಕೆ ಶಿಫ್ಟ್ ಬೇಕು, ಗುಡಿಸಿಗೆ ಬೇಡ. ಅದೇ ಕಾಲಮಾನದಲ್ಲಿ ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಕೆ. ಪಿ. ರಾವ್ ಅವರು, ಸಾಮಾನ್ಯವಾದ ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡದ ವರ್ಣಗಳನ್ನು ಅವುಗಳ ಧ್ವನಿಗನುಸಾರವಾಗಿ ಹೊಂದಿಸಿ, ಸ್ವರಕ್ಕೂ ಅದರ ಚಿಹ್ನೆಗೂ ಒಂದೇ ಕೀಲಿಯನ್ನು ಇಟ್ಟರು. ಪದದ ಮೊದಲಿನಲ್ಲಿ ಒತ್ತಿದರೆ ‘ಇ’. ವ್ಯಂಜನದ ಬೆನ್ನಿಗೆ ಒತ್ತಿದರೆ ಅದೇ ಗುಡಿಸಾಗಿ ‘ಕಿ’ ಆಗುವುದು. ಎರಡರಲ್ಲಿ ಯಾವುದೆಂಬ ವಿವೇಚನೆಯನ್ನು ಬೆರಳು ಮಾಡದೆ ಯಂತ್ರವು ಮಾಡುತ್ತದೆ. ಗುಣಿತಾಕ್ಷರಗಳನ್ನು ಮರಳಿನ ಮೇಲೆ ತಿದ್ದಿದವರಿಗೆ ಈ ಕ್ರಮದ ಸೊಗಸನ್ನು ವಿವರಿಸಬೇಕಾಗಿಲ್ಲ. ಟೆಸ್ಲರನ ನಿಯಮಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆಯು ದೊರೆಯುವುದು ಕಷ್ಟ. ಮುಂದೆ ಕನ್ನಡ ಗಣಕ ಪರಿಷತ್ತಿನ ಮೂಲಕ ಈ ವಿನ್ಯಾಸವೇ ಕಗಪ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿತು; ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ಪಡೆಯಿತು.

ಆದರೂ ಇನ್‌ಸ್ಕ್ರಿಪ್ಟಿಗೆ ಕೈ ಒಗ್ಗಿದವರು ಇದ್ದಾರೆ. ಹಳೆಯ ಬೆರಳಚ್ಚು ಯಂತ್ರದ ಕ್ರಮವನ್ನು ಕಲಿತು ಕಚೇರಿಗಳಲ್ಲಿ ಆಯುಷ್ಯವನ್ನು ಕಳೆದವರೂ ಇದ್ದರು. ಅವರ ಬೆರಳುಗಳಲ್ಲಿರುವ ವಿದ್ಯೆಯನ್ನು ಒಂದು ಆಜ್ಞೆಯಿಂದ ಅಳಿಸುವುದು ಬ್ರಾವೋವಿನಲ್ಲಿ ಲೇಖನವನ್ನು ಅಳಿಸಿದಂತೆಯೇ ಸರಿ. ಇಷ್ಟೊಂದು ವಿಕಲ್ಪಗಳನ್ನು ಕಿತ್ತೊಗೆದ ಗ್ನೋಮಿನ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿದರೆ, ಇನ್‌ಸ್ಕ್ರಿಪ್ಟಿನ ಕ್ರಮವನ್ನನುಸರಿಸುವ ಕನ್ನಡವೊಂದು, ಕಗಪ ಎಂಬ ಕನ್ನಡವೊಂದು, ಎರಡೂ ಅದರಲ್ಲಿ ಇರುವುದು ಕಾಣುತ್ತದೆ.